ನಗ್ಗಿದ ಲೋಟದ ಐಸ್‌ಕ್ರೀಮು

ನಗ್ಗು ಕಂಡರೆ ಸುಮ್ಮನಿರುವ ಜೀವವೇ ಅಲ್ಲ ಈ ಅಳಿಯನದು. ಗುದ್ದಿಸಿಕೊಂಡು ಬಂದ ಕಾರುಗಳ ಬಾಗಿಲು, ಬಾನೆಟ್ಟುಗಳನ್ನು ತಟ್ಟಿ ತಟ್ಟಿ ಮೊದಲಿನಂತೆ ಮಾಡುವುದು ಅವನ ಕಸುಬು. ಹದಿನಾಲ್ಕು ವರ್ಷ ಒಂದೇ ಗ್ಯಾರೇಜಿನಲ್ಲಿ ಅದನ್ನೇ ಮಾಡಿ ಅವನ ಬೆರಳುಗಳಿಗೆ ಒಂದು ಚಾಳಿ ಅಂಟಿಕೊಂಡಿತ್ತು. ಯಾವ ತಗಡು ಸಿಕ್ಕರೂ ಸವರಿ ನೋಡಬೇಕು, ತಗ್ಗು ಸಿಕ್ಕರೆ ಎತ್ತಬೇಕು. ಮದುವೆಯಾದ ಏಳು ತಿಂಗಳಲ್ಲಿ ಹೆಂಡತಿಯ ಊಟದ ಡಬ್ಬಿ, ಮನೆ ಮಾಲೀಕರ ಬಕೆಟ್ಟು, ಬಸ್ ನಿಲ್ದಾಣದ ಪಕ್ಕದ ಟೀ ಅಂಗಡಿಯ ಕೆಟಲ್ಲು ಎಲ್ಲವೂ ಅವನ ಕೈಯಲ್ಲಿ ನೆಟ್ಟಗಾಗಿದ್ದವು. ಯಾರೂ ಅವನನ್ನು ಕೇಳಿರಲಿಲ್ಲ. ಅವನೂ ಯಾರನ್ನೂ ಕೇಳಿರಲಿಲ್ಲ. ಒಳ್ಳೆಯದು ಮಾಡುವುದಕ್ಕೂ ಅಪ್ಪಣೆ ಬೇಕೇ ಹೇಳಿ!

ಅಂಥವನು ಬೇಸಿಗೆ ರಜೆಗೆಂದು ಮೊದಲ ಸಲ ಅತ್ತೆಯ ಮನೆಗೆ ಬಂದ.

ಅತ್ತೆ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಲ್ಲೊಂದು ಹಳೆಯ ಹೊಲಿಗೆ ಮಷೀನು, ಗೋಡೆಗೆ ನೇತುಹಾಕಿದ ಅರ್ಧ ಹೊಲಿದ ಫ್ರಾಕುಗಳು, ನೆಲದ ಮೇಲೆ ಎಷ್ಟು ಗುಡಿಸಿದರೂ ಮುಗಿಯದ ದಾರದ ತುಂಡುಗಳು. ಅದರ ಹಿಂದೆ ಅಡುಗೆಮನೆ, ಅದರ ಹಿಂದೆ ಸಿಮೆಂಟಿನ ಹಿತ್ತಲು, ಒಂದು ನಲ್ಲಿ, ತಗಡಿನ ಚಪ್ಪರ. ಮಾವನವರು ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು. ಅಂದಿನಿಂದ ಆ ಮನೆಯನ್ನು ಅತ್ತೆ ಆ ಒಂದು ಮಷೀನಿನ ಮೇಲೆ ಕೂತೇ ನಡೆಸಿದ್ದರು. ಮಗನನ್ನು ಗಣಿತದ ಮೇಷ್ಟ್ರನ್ನಾಗಿ ಮಾಡಿದ್ದರು, ಮಗಳಿಗೆ ಔಷಧಿ ಅಂಗಡಿಯಲ್ಲಿ ಕೆಲಸ ಸಿಗುವಷ್ಟು ಓದಿಸಿದ್ದರು. ಸಾಮಾನ್ಯ ಹೆಂಗಸಲ್ಲ ಬಿಡಿ.

ರಜೆಯೆಂದರೆ ಆ ಮನೆಯಲ್ಲಿ ಬಾಯಿಗೆ ಬಿಡುವಿಲ್ಲ. ಬೆಳಿಗ್ಗೆ ಎದ್ದರೆ ಕಲ್ಲಂಗಡಿ ಹಣ್ಣು, ಮಧ್ಯಾಹ್ನ ನಿಂಬೆ ಷರಬತ್ತು, ಸಂಜೆ ಕೆಂಡದ ಮೇಲೆ ಸುಟ್ಟ ಜೋಳ. ಮೇಷ್ಟ್ರು ಭಾವ ತನ್ನ ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳೊಂದಿಗೆ ಬಂದಿಳಿದಿದ್ದ. ದೊಡ್ಡವಳಿಗೆ ಹನ್ನೆರಡು. ಚಿಕ್ಕವಳಿಗೆ ಆರು, ಅವಳನ್ನು ಎಲ್ಲರೂ ಚಿಣ್ಣಿ ಎನ್ನುತ್ತಿದ್ದರು. ಹೊಸ ಮಾವ ಕಂಡ ಕಂಡ ಪಾತ್ರೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ನೋಡುವುದನ್ನು ಗಮನಿಸಿ ಎರಡೇ ದಿನದಲ್ಲಿ ಅವನಿಗೆ ‘ಟಣ್‌ಟಣ್ ಮಾವ’ ಎಂದು ಹೆಸರಿಟ್ಟವಳು ಇವಳೇ.

ಆದರೆ ಇವೆಲ್ಲ ಬರೀ ಪೀಠಿಕೆ. ರಜೆಯ ನಿಜವಾದ ದಿನವೆಂದರೆ ಐಸ್‌ಕ್ರೀಮಿನ ಭಾನುವಾರ.

“ನೋಡ್ತಾ ಇರಿ,” ಎಂದು ಹೆಂಡತಿ ಅವನಿಗೆ ಬಸ್ಸಿನಲ್ಲೇ ಹೇಳಿದ್ದಳು. “ನಮ್ಮಮ್ಮನ ಐಸ್‌ಕ್ರೀಮ್ ತಿಂದ್ಮೇಲೆ ನಿಮ್ಗೆ ಬೇರೆ ಯಾವ್ದೂ ರುಚಿಸಲ್ಲ. ಇನ್ನೊಂದ್ ವಿಷ್ಯ ಗೊತ್ತಾ? ಅಮ್ಮ ಅದನ್ನ ಬಾಯಿಗೆ ಹಾಕೋದೇ ಇಲ್ಲ. ಸಕ್ಕರೆ ಕಾಯಿಲೆ ಬಂದು ನಾಲ್ಕು ವರ್ಷ ಆಯ್ತಲ್ಲ. ಒಂದ್ ಹನಿ ನಾಲಿಗೆಗೆ ತಾಗಿಸ್ದೆ ಮಾಡ್ತಾಳೆ, ಒಂದ್ ಸಲನೂ ಹೆಚ್ಚುಕಮ್ಮಿ ಆಗಿಲ್ಲ.”

“ಮತ್ತೆ ಹೇಗ್ ಗೊತ್ತಾಗುತ್ತೆ?”

“ಕೈಯಲ್ಲಿ, ಕಿವಿಯಲ್ಲಿ. ಇನ್ನೊಂದು ವಿಷ್ಯ. ಕೊನೇಲಿ ಡಬ್ಬದಿಂದ ಹಾಲು ಕಡೆಯೋ ಮರದ ರೆಕ್ಕೆ ತೆಗೀತಾರಲ್ಲ, ಅದಕ್ಕೆ ಅಂಟ್ಕೊಂಡಿರೋದನ್ನ ನೆಕ್ಕೋ ಹಕ್ಕು ಒಬ್ರಿಗೇ. ಯಾರಿಗೆ ಅಂತ ಅಮ್ಮಾನೇ ತೀರ್ಮಾನ ಮಾಡೋದು. ಅದಕ್ಕೆ ನಮ್ಮನೇಲಿ ಯುದ್ಧಗಳೇ ಆಗಿವೆ.”

ಮೂವತ್ತಮೂರು ವರ್ಷದ ಗಂಡಸು, ಮೀಸೆ ಬೇರೆ ಇದೆ, ಅವನಿಗೆ ಆ ರೆಕ್ಕೆಯ ಮೇಲೆ ಆಸೆಯಾಯಿತು ಎಂದರೆ ನೀವು ನಗುತ್ತೀರಿ. ನಗಿ. ಅವನಿಗೆ ಬೇಕಾಗಿದ್ದದ್ದು ಐಸ್‌ಕ್ರೀಮಲ್ಲ. ಮೊದಲು ಸಂಬಂಧದ ಮಾತು ಬಂದಾಗ ಮೇಷ್ಟ್ರು ಭಾವ “ಗ್ಯಾರೇಜಾ?” ಎಂದು ಒಂದೇ ಒಂದು ಮಾತು ಕೇಳಿ ಹುಬ್ಬೇರಿಸಿದ್ದ. ಆ ಹುಬ್ಬು ಇವತ್ತಿಗೂ ಇವನ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು. ಈ ಮನೆಯವರೆಲ್ಲರ ಎದುರು ತಾನೂ ಒಬ್ಬ ಆಗಬೇಕು ಎಂಬುದು ಅವನ ಆಸೆ.

ಶನಿವಾರ ಸಂಜೆ ಅಡುಗೆಮನೆಯಲ್ಲಿ ನೀರು ಕುಡಿಯಲು ಹೋದಾಗ ಅವನಿಗೆ ಆ ಲೋಟ ಕಂಡಿತು. ದಪ್ಪ ಅಲ್ಯೂಮಿನಿಯಂ ಲೋಟ. ಬೇರೆ ಎಲ್ಲ ಪಾತ್ರೆಗಳಿಂದ ದೂರ, ಮೇಲಿನ ಹಲಗೆಯ ಮೇಲೆ ಒಂಟಿಯಾಗಿ ಕೂತಿತ್ತು. ಅದರ ಹೊಟ್ಟೆಯಲ್ಲಿ ಅರ್ಧ ನಿಂಬೆಹಣ್ಣು ಕೂರುವಷ್ಟು ದೊಡ್ಡ ನಗ್ಗು.

“ಅದು ಅಜ್ಜಿ ಐಸ್‌ಕ್ರೀಮ್ ಲೋಟ ಮಾವ,” ಎಂದಳು ಅಲ್ಲೇ ಬಿಸ್ಕತ್ತಿನ ಡಬ್ಬ ಹುಡುಕುತ್ತಿದ್ದ ಚಿಣ್ಣಿ. “ಸಕ್ಕರೆ ಅಳೆಯೋದು ಅದ್ರಲ್ಲೇ.”

ಅಯ್ಯೋ ಪಾಪ, ಎಂದುಕೊಂಡ ಅಳಿಯ. ಇಷ್ಟು ವರ್ಷದಿಂದ ಆಯಮ್ಮ ಈ ಸೊಟ್ಟ ಲೋಟದಲ್ಲೇ ಅಳೆಯುತ್ತಿದ್ದಾರೆ, ಮನೆಯಲ್ಲಿ ಒಬ್ಬರಿಗಾದರೂ ಸರಿಮಾಡಿಕೊಡಬೇಕು ಅನ್ನಿಸಲಿಲ್ಲವಲ್ಲ! ಕೈ ತುರಿಸಿತು. ಚೀಲದಿಂದ ಪುಟ್ಟ ಸುತ್ತಿಗೆ, ಒಳಗೆ ಆನಿಸಿ ಹಿಡಿಯುವ ಕಬ್ಬಿಣದ ಗುಂಡು ತೆಗೆದುಕೊಂಡು ಮಹಡಿಗೆ ಹೋದ. ಹೌದು, ರಜೆಗೆ ಬರುವಾಗಲೂ ಸುತ್ತಿಗೆ ತಂದಿದ್ದ, ಅದಕ್ಕೇನೀಗ? ಅರ್ಧ ಗಂಟೆ ಟಣ್ ಟಣ್. ಆಮೇಲೆ ಬೂದಿ ಹಾಕಿ ಉಜ್ಜಿದ. ನಗ್ಗು ಎಲ್ಲಿತ್ತು ಎಂದು ಅವನೇ ಹುಡುಕಿದರೂ ಸಿಗದಂತಾಯಿತು. ಯಾರಿಗೂ ತುಟಿಪಿಟಕ್ಕೆನ್ನದೆ ಲೋಟವನ್ನು ಇದ್ದ ಜಾಗದಲ್ಲೇ ಇಟ್ಟ. ಬೆಳಿಗ್ಗೆ ಅತ್ತೆಯೇ ನೋಡಿ ಕೇಳಲಿ, ಯಾರಪ್ಪಾ ಇದು ಅಂತ.

ಬೆಳಿಗ್ಗೆ ಅವನು ಪೇಪರ್ ಓದುವ ನೆಪದಲ್ಲಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ.

ಅತ್ತೆ ಕೆಲಸ ಮಾಡುವುದನ್ನು ನೋಡುವುದೇ ಒಂದು ಸೊಗಸು. ಹಾಲನ್ನು ಬೆಳಕು ಹರಿಯುವ ಮುಂಚೆಯೇ ಒಲೆಗಿಟ್ಟಿದ್ದರು. ದೊಡ್ಡ ಪಾತ್ರೆಯ ಒಳಗೋಡೆಯಲ್ಲಿ ಒಂದು ಗೆರೆ. ಹಾಲು ಬತ್ತಿ ಆ ಗೆರೆಗೆ ಇಳಿಯುವ ತನಕ ಸೌಟು ನಿಲ್ಲಲಿಲ್ಲ, ಒಂದು ಚೂರು ಕೆನೆಯೂ ತಳ ಹಿಡಿಯಲಿಲ್ಲ. ಒಂದು ಕೈ ಸೌಟು ಆಡಿಸುತ್ತಿದ್ದರೆ ಇನ್ನೊಂದು ಕೈ ಚಿಣ್ಣಿಯ ಜಡೆ ಬಿಚ್ಚಿ ಸಿಕ್ಕು ಬಿಡಿಸುತ್ತಿತ್ತು. ಬಾಯಿ ಬೀದಿಯ ತರಕಾರಿಯವನ ಹತ್ತಿರ ಕಿಟಕಿಯಿಂದಲೇ ಜಗಳವಾಡುತ್ತಿತ್ತು. ಗ್ಯಾರೇಜಿನಲ್ಲಿ ಅಂಥ ಒಬ್ಬ ಕೆಲಸಗಾರ ಸಿಕ್ಕಿದ್ದರೆ ತಾನು ಅವನ ಕೈಕೆಳಗೆ ಸಂಬಳವಿಲ್ಲದೆ ಕಲಿಯುತ್ತಿದ್ದೆ ಎಂದು ಅಳಿಯನಿಗೆ ಅನ್ನಿಸಿತು.

ಹಾಲು ಇಳಿಸಿ ಅತ್ತೆ ಹಲಗೆಗೆ ಕೈಹಾಕಿ ಲೋಟ ತೆಗೆದುಕೊಂಡರು. ಅಳಿಯ ಪೇಪರಿನ ಮೇಲಂಚಿನಿಂದ ಇಣುಕಿದ.

ಅವರ ಹೆಬ್ಬೆರಳು ಲೋಟದ ಹೊಟ್ಟೆಯ ಮೇಲೆ ಒಮ್ಮೆ ಸರಿಯಿತು. ಇನ್ನೊಮ್ಮೆ ಸರಿಯಿತು. ಅತ್ತೆ ಒಂದು ಕ್ಷಣ ಕಿಟಕಿಯ ಕಡೆ ನೋಡುತ್ತ ನಿಂತರು. ಆಮೇಲೆ ಸಕ್ಕರೆಯ ಡಬ್ಬ ತೆಗೆದು, ಲೋಟದ ಅಂಚಿಗಿಂತ ಒಂದು ಬೆರಳು ಕಡಿಮೆ ತುಂಬಿ, ಸುರಿದರು. ಹೀಗೆ ಆರು ಲೋಟ. ಆರಕ್ಕೆ ಆರೂ ಅಂಚಿಗಿಂತ ಒಂದೇ ಬೆರಳು ಕಡಿಮೆ. ಎಂಥ ಕೈ, ಎಂಥ ಲೆಕ್ಕ, ಎಂದು ಅಳಿಯ ತಲೆದೂಗಿದ. ಆದರೂ ಲೋಟ ಹೀಗೆ ಫಳಫಳ ಹೊಳೆಯುತ್ತಿದ್ದರೂ ಒಂದು ಮಾತು ಕೇಳಲಿಲ್ಲವಲ್ಲ ಎಂದು ಸ್ವಲ್ಪ ಮುಖ ಸಣ್ಣದಾಯಿತು. ಇರಲಿ, ವಯಸ್ಸಾದ ಕಣ್ಣು.

ಒಂದು ಹಿಡಿ ಸಕ್ಕರೆಯನ್ನು ಬಾಣಲೆಯಲ್ಲಿ ಕೆಂಪಗೆ ಸುಟ್ಟು ಹಾಲಿಗೆ ಹಾಕಿದಾಗ ಮನೆತುಂಬ ಘಮ್ಮೆಂದಿತು. ಹಾಲು ಆರಿದ ಮೇಲೆ ಹಿತ್ತಲಿನಲ್ಲಿ ಎಲ್ಲರೂ ಸೇರಿದರು. ಮರದ ದೊಡ್ಡ ತೊಟ್ಟಿ, ಅದರ ನಡುವೆ ಹಾಲಿನ ತಗಡಿನ ಡಬ್ಬ, ಡಬ್ಬದೊಳಗೆ ಮರದ ರೆಕ್ಕೆ, ಮೇಲೆ ತಿರುಗಿಸುವ ಹಿಡಿ. ಭಾವ ಐಸ್ ಡಿಪೋದಿಂದ ಗೋಣಿಚೀಲದಲ್ಲಿ ತಂದ ಗಡ್ಡೆಯನ್ನು ಕುಟ್ಟಿ ಪುಡಿಮಾಡಿದ. ಡಬ್ಬದ ಸುತ್ತ ಒಂದು ಪದರ ಐಸು, ಒಂದು ಹಿಡಿ ಕಲ್ಲುಪ್ಪು, ಮತ್ತೆ ಐಸು. ತೊಟ್ಟಿ ಅಲುಗದಿರಲೆಂದು ಅದರ ಅಂಚಿನ ಮೇಲೆ ಮಡಿಸಿದ ಚೀಲ ಹಾಕಿ ಇಬ್ಬರು ಹುಡುಗಿಯರೂ ಬೆನ್ನಿಗೆ ಬೆನ್ನು ಕೊಟ್ಟು ಕೂತರು.

“ಈ ಸಲ ಹಿಡಿ ಅಳಿಯಂದ್ರಿಗೆ,” ಎಂದರು ಅತ್ತೆ.

ಅಳಿಯನ ಎದೆ ಉಬ್ಬಿತು. ಅಂಗಿಯ ತೋಳು ಮಡಚಿ ಶುರುಮಾಡಿದ. ಅತ್ತೆ ಅಲ್ಲೇ ಮೆಟ್ಟಿಲ ಮೇಲೆ ಕೂತು ಫ್ರಾಕೊಂದಕ್ಕೆ ಗುಂಡಿ ಹೊಲಿಯುತ್ತ ಕಿವಿಯನ್ನು ಮಾತ್ರ ತೊಟ್ಟಿಯ ಕಡೆ ಇಟ್ಟಿದ್ದರು. ಮೊದಲು ಸಳಸಳ ಸದ್ದು, ಆಮೇಲೆ ಗರಗರ, ಆಮೇಲೆ ಹಿಡಿ ಭಾರವಾಗಿ ದಬ್ ದಬ್ ಎನ್ನುತ್ತದೆ. ಆ ಮೂರನೆಯ ಸದ್ದು ಬಂದಾಗ ನಿಲ್ಲಿಸಬೇಕು. ಅರ್ಧ ಗಂಟೆಯ ಕೆಲಸ ಎಂದಿದ್ದರು.

ಅರ್ಧ ಗಂಟೆ ಆಯಿತು. ಸಳಸಳ. ಮುಕ್ಕಾಲು ಗಂಟೆ ಆಯಿತು. ಸಳಸಳವೇ.

“ಏನ್ ಅಳಿಯದೇವ್ರೇ, ತೋಳಲ್ಲಿ ದಮ್ಮಿಲ್ವಾ?” ಎಂದ ಭಾವ. “ಕಾರ್ ಎತ್ತೋ ಕೈ ಅಂತಿದ್ರು!”

“ಕಾರ್ ಎತ್ತಲ್ಲ ಭಾವ, ಅದರ ನಗ್ಗು ಎತ್ತೋದು,” ಎಂದು ಅಳಿಯ ಏದುಸಿರಲ್ಲೇ ಹೇಳಿದ. ಇನ್ನಷ್ಟು ಐಸು ಸುರಿದರು, ಇನ್ನಷ್ಟು ಉಪ್ಪು. ಭಾವನೂ ತಿರುಗಿಸಿದ. ಗಂಟೆ ಕಳೆಯಿತು. ಅಳಿಯನ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಹುಡುಗಿಯರು “ಅಜ್ಜೀ, ಕೆಳಗೆಲ್ಲ ಮರಗಟ್ಟಿಹೋಯ್ತು” ಎಂದು ಎದ್ದುಬಿಟ್ಟರು. ಕೊನೆಗೆ ಅತ್ತೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, “ತೆಗೀರಿ, ಸಾಕು,” ಎಂದರು.

ಮುಚ್ಚಳ ತೆಗೆದರೆ ಒಳಗೆ ಗಂಜಿ. ತಣ್ಣಗಿನ, ಕಂದು ಬಣ್ಣದ ಗಂಜಿ. ರೆಕ್ಕೆ ಎತ್ತಿದರೆ ತೊಟತೊಟ ಸೋರಿತು.

ಚಿಣ್ಣಿ ಬೆರಳದ್ದಿ ನೆಕ್ಕಿ ಮುಖ ಹಿಂಡಿದಳು. “ಅಜ್ಜೀ, ಸಿಹಿ ಅಂದ್ರೆ ಸಿಹಿ. ಗಂಟಲು ಕೆರೀತಿದೆ.”

ಆ ಮನೆಯ ಇತಿಹಾಸದಲ್ಲಿ ಇಂಥದ್ದು ಆಗಿರಲಿಲ್ಲ.

“ನಂದೇ ಲೆಕ್ಕ ತಪ್ಪಿರ್ಬೇಕು,” ಎಂದರು ಅತ್ತೆ. ದನಿ ನೆಟ್ಟಗಿತ್ತು. “ಆರು ಅಂದ್ಕೊಂಡು ಏಳು ಹಾಕ್ಬಿಟ್ಟೆ ಅನ್ಸುತ್ತೆ. ಸಕ್ಕರೆ ಜಾಸ್ತಿಯಾದ್ರೆ ಗಟ್ಟಿ ಆಗಲ್ಲ. ವಯಸ್ಸಾಯ್ತಲ್ಲಪ್ಪ.”

“ಬಿಡಿ ಅತ್ತೆ,” ಎಂದಳು ಭಾವನ ಹೆಂಡತಿ, ಒಳ್ಳೆಯ ಮನಸ್ಸಿನಿಂದಲೇ. “ಮುಂದಿನ್ ವರ್ಷದಿಂದ ಅಂಗಡಿಯಿಂದ ತಂದ್ರಾಯ್ತು. ಈ ತೊಟ್ಟೀಲಿ ಚೆಂದ ಹೂವಿನ ಗಿಡ ಹಾಕ್ಬೋದು.”

ಭಾವ ಮಾತ್ರ ತಮಾಷೆ ಬಿಟ್ಟು ಗಂಭೀರನಾಗಿದ್ದ. ತಾಯಿಯ ಪಕ್ಕ ಕೂತು, “ಅಮ್ಮ, ಬೇಜಾರ್ ಮಾಡ್ಕೋಬೇಡ. ಆರು ತನಕ ಎಣಿಸೋದು ತಪ್ತಿದೆ ಅಂದ್ರೆ ನಂಗೆ ಭಯ ಆಗುತ್ತೆ. ನಾಳೆ ಯಾರದೋ ಬಟ್ಟೆ ಅಳತೆ ತಪ್ಪಿ ಕತ್ತರಿಸ್ತೀಯ. ಒಲೆ ಆರಿಸೋದ್ ಮರೀತೀಯ. ಸಾಕಮ್ಮ, ಅಂಗಡಿ ಮುಚ್ಬಿಡು. ರಜೆ ಮುಗಿದ್ಮೇಲೆ ನಮ್ ಜೊತೆ ಬಂದ್ಬಿಡು,” ಎಂದ.

“ನೋಡೋಣ,” ಎಂದರು ಅತ್ತೆ. ಹೇಳುವಾಗ ಅವರ ಕಣ್ಣು ಬಾಗಿಲುಗಳನ್ನೆಲ್ಲ ದಾಟಿ ಮುಂದಿನ ಕೋಣೆಯ ಮಷೀನಿನ ಮೇಲೆ ಹೋಗಿ ನಿಂತಿತು. ಅದನ್ನು ಅಳಿಯ ನೋಡಿದ.

ಅವನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಪಾತ್ರೆ ತೊಳೆಯುವ ನೆಪ ಮಾಡಿ ಅಡುಗೆಮನೆಗೆ ಬಂದ. ಆರು ಲೋಟವನ್ನು ಅವನೇ ಕಣ್ಣಾರೆ ಎಣಿಸಿದ್ದ. ಏಳಲ್ಲ, ಆರೇ. ಅತ್ತೆಯ ಲೆಕ್ಕ ತಪ್ಪಿರಲಿಲ್ಲ. ಮತ್ತೆ? ಸಕ್ಕರೆ ಅಂಟಿದ ಲೋಟವನ್ನು ಕೈಗೆತ್ತಿಕೊಂಡು ಅಭ್ಯಾಸದಂತೆ ಬೆರಳಾಡಿಸಿದ. ನುಣ್ಣಗಿತ್ತು.

ಆಗ ನೆನಪಾಯಿತು. ಎರಡು ವರ್ಷದ ಹಿಂದೆ ಒಬ್ಬ ಗಿರಾಕಿಯ ಮೋಟಾರ್ ಬೈಕಿನ ಪೆಟ್ರೋಲ್ ಟ್ಯಾಂಕು. ಒಂದು ಪಕ್ಕ ಪೂರ್ತಿ ಒಳಗೆ ಹೋಗಿತ್ತು. ಎತ್ತಿ ಕೊಟ್ಟ ಮರುದಿನವೇ ಆಸಾಮಿ ಬಂದು, “ಏನ್ರೀ ಮಾಡಿದ್ರಿ, ಮುಂಚೆಗಿಂತ ಒಂದೂವರೆ ಲೀಟರ್ ಜಾಸ್ತಿ ಹಿಡಿಯುತ್ತೆ!” ಎಂದು ಖುಷಿಯಿಂದ ಕೂಗಾಡಿದ್ದ. ನಗ್ಗು ಎತ್ತಿದರೆ ಜಾಗ ಹೆಚ್ಚಾಗುತ್ತದೆ. ಹದಿನಾಲ್ಕು ವರ್ಷ ಈ ಕೆಲಸ ಮಾಡಿದವನಿಗೆ ಇದನ್ನು ಇನ್ನೊಬ್ಬರು ಹೇಳಿಕೊಡಬೇಕೇ?

ಲೋಟದ ಕಾಲು ಭಾಗವನ್ನೇ ತಿಂದುಕೊಂಡಿದ್ದ ನಗ್ಗು ಅದು. ಈ ಮನೆಯ ಅಳತೆಯೇ ಆ ನಗ್ಗಿನಲ್ಲಿತ್ತು. ಅದನ್ನು ಇವನು ಹೋಗಿ ಹೋಗಿ ಸುತ್ತಿಗೆಯಲ್ಲಿ ತಟ್ಟಿ ಅಳಿಸಿದ್ದ, ಬೂದಿ ಹಾಕಿ ಉಜ್ಜಿ ಬೇರೆ ಇಟ್ಟಿದ್ದ!

ಹೇಳಬೇಕೋ, ಬಿಡಬೇಕೋ? ಹೇಳಿದರೆ ಭಾವನ ಬಾಯಿಗೆ ಜೀವಮಾನವಿಡೀ ಅವಲಕ್ಕಿ ಸಿಕ್ಕಂತೆ, ಅಗಿಯುತ್ತಲೇ ಇರುತ್ತಾನೆ. ಗ್ಯಾರೇಜು ಮನೆಯೊಳಗೆ ಬಂದು ಏನು ಮಾಡಿತು ನೋಡಿ, ಎನ್ನುತ್ತಾನೆ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಅತ್ತೆಯೇ ತಪ್ಪು ಒಪ್ಪಿಕೊಂಡಾಗಿದೆ. ಅವನು ನಿಜವಾಗಿಯೂ ಒಂದು ನಿಮಿಷ ಸುಮ್ಮನೆ ನಿಂತಿದ್ದ. ಅದನ್ನು ಮುಚ್ಚಿಟ್ಟು ಅವನನ್ನು ದೊಡ್ಡ ಮನುಷ್ಯನೆಂದು ತೋರಿಸಲು ನನಗೆ ಮನಸ್ಸಿಲ್ಲ. ಆದರೆ ಆ ಮಷೀನಿನ ಮೇಲೆ ಹೋಗಿ ನಿಂತ ಕಣ್ಣು ಅವನನ್ನು ಬಿಡಲಿಲ್ಲ. ತಪ್ಪದ ಲೆಕ್ಕಕ್ಕೆ ಆಯಮ್ಮ ತನ್ನ ಅಂಗಡಿಯನ್ನೇ ಕಳೆದುಕೊಳ್ಳುವುದೇ?

ಲೋಟ ಹಿಡಿದುಕೊಂಡು ಹಿತ್ತಲಿಗೆ ಬಂದ.

“ಭಾವ, ಅತ್ತೆ ಲೆಕ್ಕ ತಪ್ಪಿಲ್ಲ. ಆರೇ ಲೋಟ ಹಾಕಿದ್ದು, ನಾನ್ ನೋಡಿದ್ದೀನಿ. ತಪ್ಪು ನಂದು. ನಿನ್ನೆ ಸಂಜೆ ನಾನು ಈ ಲೋಟದ ನಗ್ಗು ಎತ್ಬಿಟ್ಟೆ.”

ಹೆಂಡತಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಭಾವ ಲೋಟವನ್ನು ನೋಡಿದ, ಅವನನ್ನು ನೋಡಿದ. ಬಾಯಿ ತೆರೆಯುವಷ್ಟರಲ್ಲಿ ಮೆಟ್ಟಿಲ ಮೇಲಿಂದ ಅತ್ತೆಯೇ ಗದರಿದರು.

“ಸುಮ್ನಿರಿ ಅಳಿಯಂದ್ರೇ. ಲೋಟಕ್ಕೂ ಇದಕ್ಕೂ ಏನ್ ಸಂಬಂಧ? ನಂಗೆ ಮರೆವು ಬಂದಿದೆ, ಅಷ್ಟೇ. ಹೋಗಿ ಕೈ ತೊಳ್ಕೊಳ್ಳಿ.”

ಅಳಿಯ ನಿಂತಲ್ಲೇ ನಿಂತ. ಬೆಳಿಗ್ಗೆ ಲೋಟದ ಹೊಟ್ಟೆಯ ಮೇಲೆ ಎರಡು ಸಲ ಸರಿದ ಹೆಬ್ಬೆರಳು, ಕಿಟಕಿಯ ಕಡೆ ನೋಡಿದ ನೋಟ, ಅಂಚಿಗಿಂತ ಒಂದು ಬೆರಳು ಕಡಿಮೆ ತುಂಬಿದ ಆರು ಲೋಟಗಳು ಎಲ್ಲ ಒಟ್ಟಿಗೆ ನೆನಪಿಗೆ ಬಂದವು.

“ಅತ್ತೆ,” ಎಂದ ಮೆಲ್ಲಗೆ. “ನಿಮ್ಗೆ ಗೊತ್ತಿತ್ತು.”

ಅತ್ತೆ ಗುಂಡಿಯ ದಾರವನ್ನು ಹಲ್ಲಿನಲ್ಲಿ ಕಡಿದರು.

“ಬೆಳಿಗ್ಗೇನೇ ಗೊತ್ತಾಯ್ತು ನಿಮ್ಗೆ. ಅದಕ್ಕೇ ಕಮ್ಮಿ ತುಂಬಿದ್ರಿ.”

“ಇಪ್ಪತ್ತೈದು ವರ್ಷ ಹೆಬ್ಬೆರಳು ಇಟ್ಟ ಜಾಗ,” ಎಂದರು ಅತ್ತೆ ಕೊನೆಗೆ. “ಗೊತ್ತಾಗಲ್ವಾ? ಕಣ್ಣಂದಾಜಿಗೆ ಒಂದ್ ಬೆರಳು ಕಮ್ಮಿ ಹಾಕ್ದೆ. ಸಾಲ್ಲಿಲ್ಲ. ರುಚಿ ನೋಡೋ ಹಾಗಿಲ್ವಲ್ಲ. ಅಳೀತಿದ್ದಿದ್ದು ಲೋಟ ಕಣಪ್ಪ, ನಾನಲ್ಲ. ಅದು ಎಷ್ಟು ಹಿಡೀತಿತ್ತು ಅಂತ ನಂಗೇ ಗೊತ್ತಿರ್ಲಿಲ್ಲ.”

“ಅಮ್ಮ!” ಎಂದ ಭಾವ. “ಗೊತ್ತಿದ್ದೂ ಯಾಕ್ ಹೇಳ್ಲಿಲ್ಲ?”

“ಏನಂತ ಹೇಳ್ಲಿ?” ಈಗ ಅತ್ತೆಗೆ ನಿಜವಾಗಿಯೂ ಸಿಟ್ಟು ಬಂದಿತ್ತು. “ಈ ಮನೇಲಿ ಇಷ್ಟ್ ಜನ ಐಸ್‌ಕ್ರೀಮ್ ತಿಂದ್ರಲ್ಲ, ಒಬ್ರಾದ್ರೂ ಒಂದ್ ದಿನ ಆ ಲೋಟ ಎತ್ಕೊಂಡು ಉಜ್ಜಿದ್ರಾ? ಅವ್ರು ಬಂದ ಮೊದಲ್ನೇ ಬೇಸಿಗೇಲೇ ಕೂತು ತಟ್ಟಿ, ಬೂದಿ ಹಾಕಿ ಬೆಳಗಿ ಇಟ್ಟಿದ್ದಾರೆ. ಪ್ರೀತಿಯಿಂದ ಮಾಡಿದ್ದು. ನಾನ್ ಬಾಯ್ಬಿಟ್ಟಿದ್ರೆ ನೀನು ಅವ್ರನ್ನ ಆಡ್ಕೊಂಡು ನಗ್ತಾನೇ ಇರ್ತಿದ್ದೆ. ನಿನ್ನ ನಾಲಿಗೆ ನಂಗೊತ್ತಿಲ್ವಾ?”

ಭಾವನ ಮುಖ ಹುಳ್ಳಗಾಯಿತು.

“ಅಂಗಡಿ ಮುಚ್ಚು ಅಂದಾಗ್ಲೂ ಸುಮ್ನಿದ್ರಲ್ಲ ಅತ್ತೆ,” ಎಂದ ಅಳಿಯ. ಬದುಕಿನಲ್ಲಿ ಯಾರೂ ಅವನ ಮರ್ಯಾದೆಗಾಗಿ ತಮ್ಮ ಹೆಸರನ್ನು ಹೀಗೆ ಪಣಕ್ಕಿಟ್ಟಿರಲಿಲ್ಲ.

“ಅವನು ಹೇಳ್ದ ಅಂತ ಮುಚ್ಬಿಡ್ತಿದ್ನಾ ನಾನು?” ಎಂದರು ಅತ್ತೆ. ಆದರೆ ಆ ಮಾತು ಪೂರ್ತಿ ನಿಜವಲ್ಲ ಎಂಬುದು ಅವರ ದನಿಯಲ್ಲೇ ಕೇಳಿತು. ಸೆರಗಿನಿಂದ ಮೂಗು ಒರೆಸಿಕೊಂಡರು.

ಭಾವ ಎದ್ದು ಬಂದು ಅಳಿಯನ ಹೆಗಲ ಮೇಲೆ ಕೈಯಿಟ್ಟ. ತಮಾಷೆ ಮಾಡಲು ಹೋದ, ಆಗಲಿಲ್ಲ. “ನಾನಾಗಿದ್ರೆ ಬಾಯಿ ಬಿಡ್ತಿರ್ಲಿಲ್ಲ ಕಣ್ರೀ,” ಎಂದಷ್ಟೇ ಹೇಳಿದ.

“ಅತ್ತೆ, ಒಂದ್ ನಿಮಿಷ ಇರಿ,” ಎಂದು ಅಳಿಯ ಒಳಗೆ ಓಡಿದ. ಬಂದಾಗ ಕೈಯಲ್ಲಿ ಸುತ್ತಿಗೆ ಇತ್ತು.

ಹಿತ್ತಲಿನ ಮೆಟ್ಟಿಲ ಮೇಲೆ ಅತ್ತೆಯ ಪಕ್ಕದಲ್ಲಿ ಕೂತ. ಎತ್ತುವುದು ಅವನಿಗೆ ನೀರು ಕುಡಿದಷ್ಟು ಸಲೀಸು. ಆದರೆ ನೆಟ್ಟಗಿದ್ದದ್ದಕ್ಕೆ ಬೇಕೆಂದೇ ನಗ್ಗು ಹಾಕಿದವನಲ್ಲ ಅವನು. ಹದಿನಾಲ್ಕು ವರ್ಷದಲ್ಲಿ ಇದೇ ಮೊದಲು. ಸುತ್ತಿಗೆ ಹಿಡಿದ ಕೈಗೆ ಸ್ವಲ್ಪ ನಾಚಿಕೆಯೂ ಆದಂತಿತ್ತು. ಒಂದು ಪೆಟ್ಟು ಹಾಕಿ ಲೋಟವನ್ನು ಅತ್ತೆಯ ಕೈಗೆ ಕೊಟ್ಟ. ಅತ್ತೆ ಕಣ್ಣು ಮುಚ್ಚಿ ಹೆಬ್ಬೆರಳು ಇಟ್ಟರು.

“ಇನ್ನೂ ಕೆಳಗೆ.”

ಇನ್ನೊಂದು ಪೆಟ್ಟು.

“ಹೂಂ. ಇನ್ನೂ ಆಳ ಬೇಕು. ಎಡಕ್ಕೆ ಸ್ವಲ್ಪ. ಅಯ್ಯೋ, ಅಷ್ಟಲ್ಲ!”

“ಅಷ್ಟಲ್ವಾ? ಇರಿ, ಚೂರು ಎತ್ತೋಣ.”

ಒಂದು ಪೆಟ್ಟು ಹೊರಗಿನಿಂದ, ಒಂದು ಒಳಗಿನಿಂದ. ಪ್ರತಿ ಸಲವೂ ಹೆಬ್ಬೆರಳು. ಹುಡುಗಿಯರು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಹೆಂಡತಿ ಗೋಡೆಗೆ ಒರಗಿ ನಿಂತು, “ಆ ನಗ್ಗು ಮಾಡಿದ್ದು ನಾನೇ ರೀ,” ಎಂದಳು. “ಮೂರು ವರ್ಷದವಳಿದ್ದಾಗ ರೆಕ್ಕೆ ಅಣ್ಣಂಗೆ ಕೊಟ್ರು ಅಂತ ಸಿಟ್ಟು ಬಂದು ಈ ಮೆಟ್ಟಿಲಿಂದ್ಲೇ ಎಸೆದಿದ್ದೆ.”

“ಅದಕ್ಕೆ ಮುಂಚೆ ಯಾವಾಗ್ಲೂ ಸ್ವಲ್ಪ ಮೆತ್ತಗೇ ಬರ್ತಿತ್ತು,” ಎಂದರು ಅತ್ತೆ ಕಣ್ಣು ತೆರೆಯದೆಯೇ. “ಇವಳು ಎಸೆದ ಮೇಲೇ ಸರಿಹೋಗಿದ್ದು. ಸಾಕು, ನಿಲ್ಸಿ. ಇದೇ.”

ಎರಡು ಸಲ ಇಟ್ಟು ನೋಡಿದರು, ಮೂರು ಸಲ ಇಟ್ಟು ನೋಡಿದರು. ಹೆಬ್ಬೆರಳು ತಾನಾಗಿಯೇ ಅಲ್ಲಿ ಹೋಗಿ ಕೂತಿತು. ಎಷ್ಟು ಆಳವಿತ್ತೆಂದು ಬರೆದಿಟ್ಟವರಿಲ್ಲ, ಅಳೆದಿಟ್ಟವರಿಲ್ಲ. ಒಬ್ಬ ಹೆಂಗಸಿನ ಹೆಬ್ಬೆರಳಿಗೆ ಅದು ಬಾಯಿಪಾಠವಾಗಿತ್ತು. ತನ್ನ ಕಸುಬಿನಲ್ಲಿ ತಾನು ದೊಡ್ಡವನೆಂದುಕೊಂಡಿದ್ದ ಅಳಿಯ ಮನಸ್ಸಿನಲ್ಲೇ ಆ ಬೆರಳಿಗೆ ಕೈಮುಗಿದ.

ಆ ದಿನದ ಗಂಜಿಗೆ ನೀರು, ಐಸು ಸೇರಿಸಿ ಎಲ್ಲರೂ ಲೋಟಗಟ್ಟಲೆ ಕುಡಿದರು. “ಐಸ್‌ಕ್ರೀಮ್ ಕುಡಿಯೋ ಮನೆ ನಮ್ದೊಂದೇ,” ಎಂದು ಭಾವ ನಗಿಸಿದ. ಮರುದಿನ ಬೆಳಿಗ್ಗೆ ಮತ್ತೆ ಹಾಲು ಬಂತು, ಮತ್ತೆ ಐಸು ಬಂತು, ಮತ್ತೆ ಗೆರೆ ಮುಟ್ಟುವ ತನಕ ಸೌಟು ಆಡಿತು. ಅತ್ತೆ ಲೋಟದ ಅಂಚಿನವರೆಗೂ ತುಂಬಿ ಸುರಿದರು. ಈ ಸಲ ಎಣಿಸಿದ್ದು ಇಡೀ ಮನೆ. ಒಂದು! ಎರಡು! ಎಂದು ಆರರ ತನಕ ಕೂಗಿದ ಕೂಗಿಗೆ ಬೀದಿಯ ತರಕಾರಿಯವನು ಇಣುಕಿ ನೋಡಿದ.

ಹಿಡಿ ಮತ್ತೆ ಅಳಿಯನ ಕೈಗೇ. ಸಳಸಳ. ಹತ್ತು ನಿಮಿಷ, ಹದಿನೈದು ನಿಮಿಷ. ಅವನಿಗೆ ಬೆವರು ಕಿತ್ತುಬಂದದ್ದು ಬಿಸಿಲಿಗಲ್ಲ, ಭಯಕ್ಕೆ. ಇವತ್ತೂ ಆಗದಿದ್ದರೆ ಅದು ಅವನ ಸುತ್ತಿಗೆಯ ತಪ್ಪು, ಮುಚ್ಚಿಡಲು ಅತ್ತೆಯ ಮರೆವೂ ಇಲ್ಲ. ಇಪ್ಪತ್ತನೆಯ ನಿಮಿಷಕ್ಕೆ ಸದ್ದು ಬದಲಾಯಿತು. ಗರಗರ. ಅತ್ತೆ ಸೂಜಿ ನಿಲ್ಲಿಸಿದರು. ಹಿಡಿ ತೋಳನ್ನು ಎಳೆಯತೊಡಗಿತು, ಯಾರೋ ಒಳಗಿನಿಂದ ಹಿಡಿದುಕೊಂಡಂತೆ. ದಬ್. ದಬ್.

“ನಿಲ್ಸಿ,” ಎಂದರು ಅತ್ತೆ.

ಮುಚ್ಚಳ ತೆಗೆದಾಗ ಯಾರೂ ಏನೂ ಹೇಳಬೇಕಾಗಿರಲಿಲ್ಲ. ರೆಕ್ಕೆ ಗಟ್ಟಿಯಾಗಿ ನಿಂತಿತ್ತು, ಎತ್ತಿದಾಗ ಅದರ ಎರಡೂ ಬದಿಗೆ ಸುಟ್ಟ ಸಕ್ಕರೆಯ ಬಣ್ಣದ ಐಸ್‌ಕ್ರೀಮು ದಪ್ಪಗೆ ಕೂತುಕೊಂಡು ಬಂತು. ಒಂದು ಹನಿಯೂ ಸೋರಲಿಲ್ಲ. ಚಿಣ್ಣಿ ಎರಡೂ ಕೈ ಚಾಚಿ, “ಅಜ್ಜೀ, ಈ ಸಲ ನಂಗೆ! ನೀನೇ ಪ್ರಾಮಿಸ್ ಮಾಡಿದ್ದೆ!” ಎಂದು ಕುಣಿದಳು.

ಅತ್ತೆ ರೆಕ್ಕೆಯನ್ನು ಯಾರಿಗೂ ಕೊಡಲಿಲ್ಲ. ಬಲಗೈಯ ಹೆಬ್ಬೆರಳಿನ ತುದಿಯಿಂದ ಅಂಚಿನಲ್ಲಿದ್ದ ಒಂದು ಚೂರನ್ನು ತೆಗೆದು, ಎಲ್ಲರೂ ನೋಡುತ್ತಿದ್ದಂತೆಯೇ ತಮ್ಮ ಬಾಯಿಗೆ ಇಟ್ಟುಕೊಂಡರು.

“ಅಮ್ಮ, ಡಾಕ್ಟ್ರು...” ಎಂದಳು ಮಗಳು.

“ಡಾಕ್ಟ್ರಿಗೆ ನಾನ್ ಹೇಳ್ಕೋತೀನಿ,” ಎಂದರು ಅತ್ತೆ. ಕಣ್ಣು ಮುಚ್ಚಿದ್ದರು. ನಾಲ್ಕು ವರ್ಷದ ಮೇಲೆ ಅವರ ನಾಲಿಗೆಗೆ ತಾಗಿದ ಮೊದಲ ಚೂರು ಅದು. ಅಳಿಯ ಅವರ ಮುಖವನ್ನೇ ನೋಡುತ್ತಿದ್ದ.

“ಅಳತೆ ಸರಿಯಾಗಿದೆ,” ಎಂದರು ಅತ್ತೆ. ಕಣ್ಣು ತೆರೆದು ಅಳಿಯನ ಕಡೆ ತಿರುಗಿ ರೆಕ್ಕೆಯನ್ನು ಅವನ ಕೈಗೆ ಕೊಟ್ಟರು. “ತಗೊಳ್ಳಿ. ಬೇಗ ತಿನ್ನಿ, ಕರಗುತ್ತೆ.”

ಚಿಣ್ಣಿ ಗೋಳೋ ಎಂದು ಶುರುಮಾಡಿದಳು. “ಮಾವ ದೊಡ್ಡೋರು! ದೊಡ್ಡೋರಿಗೆ ಕೊಡೋ ಹಾಗಿಲ್ಲ!” ಎಂದಳು. ಕೋಪಕ್ಕೆ ಪಕ್ಕದಲ್ಲಿದ್ದ ಲೋಟಕ್ಕೇ ಕೈ ಹಾಕಿದಳು. ಇಡೀ ಮನೆ ಒಂದೇ ಬಾಯಲ್ಲಿ ಕಿರುಚಿತು. ಎಲ್ಲರಿಗಿಂತ ಮೊದಲು ಹಾರಿ ಲೋಟ ಹಿಡಿದುಕೊಂಡವನು ಭಾವ. ಅದನ್ನು ಎದೆಗವುಚಿಕೊಂಡು ಹೋಗಿ ಅಡುಗೆಮನೆಯ ಹಲಗೆಯ ಮೇಲೆ ನಗ್ಗು ಹೊರಗೆ ಕಾಣುವಂತೆ ಇಟ್ಟು ಬಂದ. ಬರುತ್ತಾ ಮುಂದಿನ ಕೋಣೆಯಿಂದ ಎರಡು ಫ್ರಾಕುಗಳನ್ನು ತಂದು ತಾಯಿಯ ಮಡಿಲಲ್ಲಿ ಹಾಕಿ, “ಇವಕ್ಕೂ ಗುಂಡಿ ಹಾಕ್ಬೇಕು ಅಂತಿದ್ದೆಯಲ್ಲ,” ಎಂದ. ಅತ್ತೆ ಮಗನ ಮುಖವನ್ನೊಮ್ಮೆ ನೋಡಿ, ಸೂಜಿಗೆ ದಾರ ಪೋಣಿಸಿಕೊಂಡರು.

ಅಳಿಯ ಮೆಟ್ಟಿಲ ಮೇಲೆ ಕೂತು ರೆಕ್ಕೆಯ ಒಂದು ಬದಿಯನ್ನು ಚಿಣ್ಣಿಗೆ ಹಿಡಿದ. ಇನ್ನೊಂದು ಬದಿಯನ್ನು, ಮೀಸೆಗೆಲ್ಲ ಹತ್ತಿಸಿಕೊಂಡು, ತಾನೇ ನೆಕ್ಕಿದ.